ಶಕ್ತಿಯನ್ನರಿತು ಮಾಡುವ ತಪಸ್ಸು: ಉದರರೋಗ ಮತ್ತು ವ್ರತಪಾಲನೆ

ಆಹಾರವನ್ನು ಸ್ವೀಕರಿಸುವುದಕ್ಕೆ ಒಂದು ಕಾರಣವಿರಬೇಕು. ಅದನ್ನು ತ್ಯಜಿಸುವುದಕ್ಕೂ ಒಂದು ಕಾರಣವಿರಬೇಕು. ಮುನಿಗಳ ಆಚಾರವನ್ನು ನಿರೂಪಿಸುವ ‘ಮೂಲಾಚಾರ’ವು ಆಹಾರಗ್ರಹಣಕ್ಕೆ 6 ಕಾರಣಗಳನ್ನೂ ಆಹಾರತ್ಯಾಗಕ್ಕೆ 6 ಕಾರಣಗಳನ್ನೂ ಎಣಿಸಿದೆ. ಹಸಿವಿನ ವೇದನೆಯ ಶಮನ, ವೈಯಾವೃತ್ತ್ಯ, ಆವಶ್ಯಕ ಕ್ರಿಯೆಗಳ ಆಚರಣೆ, ಸಂಯಮ, ಪ್ರಾಣಧಾರಣೆ ಮತ್ತು ಧರ್ಮಚಿಂತನೆ, ಇವು ಗ್ರಹಣಕ್ಕೆ ಕಾರಣಗಳು. ರೋಗ, ಉಪಸರ್ಗ, ಬ್ರಹ್ಮಚರ್ಯರಕ್ಷಣೆ, ಪ್ರಾಣಿದಯೆ, ತಪಸ್ಸು ಮತ್ತು ಸಲ್ಲೇಖನ, ಇವು ತ್ಯಾಗಕ್ಕೆ ಕಾರಣಗಳು. ಈ ಎರಡು ಪಟ್ಟಿಗಳನ್ನು ಒಟ್ಟಿಗೆ ಇಟ್ಟು ನೋಡಿದರೆ ಒಂದು ಸಂಗತಿ ಸ್ಪಷ್ಟವಾಗುತ್ತದೆ. ಉಣ್ಣುವುದು ತಾನಾಗಿಯೇ ಪಾಪವಲ್ಲ. ಉಣ್ಣದಿರುವುದು ತಾನಾಗಿಯೇ ಪುಣ್ಯವೂ ಅಲ್ಲ. ಎರಡರ ಹಿಂದೆಯೂ ವಿವೇಕವಿರಬೇಕು.

ಹೀಗಿರುವಲ್ಲಿ, ಆಹಾರವು ಹೋಗಿ ಸೇರುವ ಉದರವೇ ರೋಗಗ್ರಸ್ತವಾದಾಗ ವ್ರತಧಾರಿಯಾದ ಶ್ರಾವಕನ ಕರ್ತವ್ಯವೇನು? ನಮ್ಮ ಸಮಾಜದಲ್ಲಿ ಇದಕ್ಕೆ ಎರಡು ಬಗೆಯ ಉತ್ತರಗಳು ರೂಢಿಯಲ್ಲಿವೆ. ವೈದ್ಯನ ಬಳಿಗೆ ಹೋದರೆ ಅವನು ಮೊದಲು ಬಿಡಿಸುವುದು ಉಪವಾಸವನ್ನೇ. ಆದುದರಿಂದ ಪರ್ವ ಮುಗಿಯುವವರೆಗೆ ರೋಗವನ್ನು ಹೇಳದಿರುವುದೇ ಲೇಸು ಎಂಬುದು ಒಂದು. ದೇಹಕ್ಕೆ ಸ್ವಲ್ಪ ಅಸ್ವಸ್ಥತೆ ಕಂಡೊಡನೆ ವ್ರತವನ್ನು ಬದಿಗಿಟ್ಟು, ಆಪತ್ಕಾಲದಲ್ಲಿ ನಿಯಮವಿಲ್ಲ ಎಂದು ಸಮಾಧಾನ ಹೇಳಿಕೊಳ್ಳುವುದು ಇನ್ನೊಂದು. ಮೊದಲನೆಯದನ್ನು ಶ್ರದ್ಧೆಯೆಂದೂ ಎರಡನೆಯದನ್ನು ಶೈಥಿಲ್ಯವೆಂದೂ ಜನರು ಕರೆಯುತ್ತಾರೆ. ವಿಚಾರಿಸಿ ನೋಡಿದರೆ ಎರಡರಲ್ಲಿಯೂ ಇರುವುದು ಒಂದೇ ದೋಷ: ತನ್ನ ಶಕ್ತಿ ಎಷ್ಟೆಂಬುದನ್ನು ಅರಿಯಲು ಒಲ್ಲದಿರುವುದು.

ಬೆಳಗಾವಿ ಜಿಲ್ಲೆಯ ಒಂದು ಗ್ರಾಮದ ಶ್ರಾವಿಕೆಯೊಬ್ಬರ ವೃತ್ತಾಂತವನ್ನು ಇಲ್ಲಿ ಉದಾಹರಣೆಯಾಗಿ ತೆಗೆದುಕೊಳ್ಳಬಹುದು. ವಯಸ್ಸು 60 ದಾಟಿದೆ. ರಾತ್ರಿಭೋಜನ ತ್ಯಾಗವು ಅವರಿಗೆ ಬಾಲ್ಯದಿಂದಲೇ ಬಂದುದು. ಅನಂತ ನೋಂಪಿಯನ್ನು ಹಿಡಿದು, ಅದರ 14 ವರ್ಷಗಳಲ್ಲಿ 11ನೆಯ ವರ್ಷ ನಡೆಯುತ್ತಿದ್ದಿತು. ದಶಲಕ್ಷಣ ಪರ್ವದ ದಿನಗಳಲ್ಲಿ ಏಕಾಶನ, ಅಷ್ಟಮಿ ಮತ್ತು ಅನಂತ ಚತುರ್ದಶಿಗಳಂದು ಪೂರ್ಣ ಉಪವಾಸ, ಇದು ಅವರ ನಿಯಮ. ಆ ವರ್ಷ ಪರ್ವಕ್ಕೆ ತಿಂಗಳ ಮೊದಲಿನಿಂದಲೇ ಹೊಟ್ಟೆಯ ಮೇಲ್ಭಾಗದಲ್ಲಿ ಉರಿ ಕಾಣಿಸಿಕೊಂಡಿತ್ತು. ಹೊಟ್ಟೆ ಬರಿದಾದಾಗ ಉರಿ ಹೆಚ್ಚುವುದು, ಉಂಡಾಗ ಇಳಿಯುವುದು. ಇದು ಹಸಿವೆಯೇ ಇರಬೇಕೆಂದು ಬಗೆದು, ಕ್ಷುಧಾ ಪರೀಷಹವೆಂದು ಅವರು ಸಹಿಸಿದರು. ಮೊಣಕಾಲಿನ ನೋವಿಗಾಗಿ ಅಂಗಡಿಯಿಂದ ತರಿಸಿದ ಮಾತ್ರೆಯನ್ನು ತಿಂಗಳುಗಟ್ಟಲೆ ನುಂಗುತ್ತಲೇ ಇದ್ದರು. ಅಷ್ಟಮಿಯ ಮರುದಿನ ಮಲವು ಡಾಂಬರಿನಂತೆ ಕಪ್ಪಾಗಿ, ಅಂಟಾಗಿ ಹೋಯಿತು. ಅದನ್ನೂ ಅವರು ಯಾರಿಗೂ ಹೇಳಲಿಲ್ಲ. ಸೊಸೆಯು ಮುಖ ಬಿಳಿಚಿಕೊಂಡುದನ್ನು ಕಂಡು ವಿಚಾರಿಸಿದಾಗ, ನಿದ್ರೆ ಸಾಲದೆಂದು ಹೇಳಿದರು. ಚತುರ್ದಶಿಯ ಉಪವಾಸವೂ ಪೂಜೆಯೂ ಸಾಂಗವಾಗಿ ಮುಗಿದವು. ಹುಣ್ಣಿಮೆಯ ಬೆಳಗ್ಗೆ ಪಾರಣೆಗೆ ಕುಳಿತವರು ಎಲೆಯ ಮುಂದೆಯೇ ತಲೆತಿರುಗಿ ಬಿದ್ದರು.

ಆಸ್ಪತ್ರೆಯಲ್ಲಿ ರಕ್ತಪರೀಕ್ಷೆ ಮಾಡಿದಾಗ ಶರೀರದ ರಕ್ತವು ಬಹಳ ಕುಂದಿದ್ದುದು ತಿಳಿಯಿತು. ರಕ್ತವನ್ನು ಕೊಟ್ಟು, ನಾಡಿ ಸ್ಥಿರವಾದ ಮೇಲೆ ಎಂಡೋಸ್ಕೋಪಿ ಮಾಡಿದರು. ಕಿರುಬೆರಳಿನ ಗಾತ್ರದ, ಬಾಗುವ ಒಂದು ನಳಿಗೆ. ಅದರ ತುದಿಯಲ್ಲಿ ದೀಪವೂ ಸೂಕ್ಷ್ಮವಾದ ಕ್ಯಾಮರಾವೂ ಇರುತ್ತವೆ. ಗಂಟಲಿಗೆ ಮರಗಟ್ಟುವ ಔಷಧವನ್ನು ಸಿಂಪಡಿಸಿ, ಬಾಯಿಯ ಮೂಲಕ ಅನ್ನನಾಳ, ಜಠರ ಮತ್ತು ಸಣ್ಣ ಕರುಳಿನ ಮೊದಲ ಭಾಗದವರೆಗೆ ಅದನ್ನು ಇಳಿಸುತ್ತಾರೆ. ಬರಿಯ ನೋಡುವ ಪರೀಕ್ಷೆಯಾದರೆ ಸಾಮಾನ್ಯವಾಗಿ 5ರಿಂದ 10 ನಿಮಿಷಗಳ ಕೆಲಸ. ಈ ತಾಯಿಯ ಸಣ್ಣ ಕರುಳಿನ ಆರಂಭದಲ್ಲಿ ಒಂದು ಹುಣ್ಣು ಕಂಡುಬಂದಿತು; ಅದರ ತಳದ ರಕ್ತನಾಳವೊಂದು ಜಿನುಗುತ್ತಿದ್ದಿತು. ಅದೇ ನಳಿಗೆಯ ಮೂಲಕ ಸೂಜಿಮದ್ದು ಕೊಟ್ಟು, ಸಣ್ಣ ಕ್ಲಿಪ್ಪನ್ನು ಹಾಕಿ ರಕ್ತವನ್ನು ನಿಲ್ಲಿಸಿದರು. ಹೊಟ್ಟೆಯನ್ನು ಕೊಯ್ಯುವ ಪ್ರಸಂಗ ಬರಲಿಲ್ಲ. ಪ್ರಾಣ ಉಳಿಯಿತು.

ಎಚ್ಚರವಾದ ಮೇಲೆ ಅವರು ಕೇಳಿದ ಮೊದಲ ಮಾತು, ತಮ್ಮ ನೋಂಪಿಗೆ ಭಂಗ ಬಂದಿತೇ ಎಂಬುದು. ಮನೆಯವರು ಕೇಳಿದ ಮೊದಲ ಮಾತು, ಇಷ್ಟು ದಿನ ಏಕೆ ಹೇಳಲಿಲ್ಲ ಎಂಬುದು. ಈ ಎರಡು ಪ್ರಶ್ನೆಗಳ ನಡುವೆ ಈ ಲೇಖನದ ವಿಷಯವು ಅಡಗಿದೆ.

ಮೊದಲು ರೋಗದ ಸ್ವರೂಪವನ್ನು ತಿಳಿಯಬೇಕು. ಹೊಟ್ಟೆಹುಣ್ಣಿಗೆ ಉಪವಾಸ, ಖಾರ, ಚಿಂತೆಗಳೇ ಮುಖ್ಯ ಕಾರಣವೆಂದು ಹಿಂದಿನವರು ನಂಬಿದ್ದರು. ವೈದ್ಯರೂ ಬಹುಕಾಲ ಹಾಗೆಯೇ ನಂಬಿದ್ದರು. 1982ರಲ್ಲಿ ಆಸ್ಟ್ರೇಲಿಯಾದ ಪರ್ತ್ ನಗರದಲ್ಲಿ ಬ್ಯಾರಿ ಮಾರ್ಷಲ್ ಮತ್ತು ರಾಬಿನ್ ವಾರೆನ್ ಎಂಬ ವೈದ್ಯರು ಜಠರದಲ್ಲಿ ವಾಸಿಸುವ ಒಂದು ಸೂಕ್ಷ್ಮಜೀವಿಯನ್ನು ಬೆಳೆಸಿ ತೋರಿಸಿದರು. ಇಂದು ಅದನ್ನು ಹೆಲಿಕೋಬ್ಯಾಕ್ಟರ್ ಪೈಲೋರಿ ಎಂದು ಕರೆಯುತ್ತಾರೆ. ಜನರು ಒಪ್ಪದಿದ್ದಾಗ 1984ರಲ್ಲಿ ಮಾರ್ಷಲ್ ಆ ಸೂಕ್ಷ್ಮಜೀವಿಗಳಿದ್ದ ದ್ರವವನ್ನು ತಾನೇ ಕುಡಿದು, ಜಠರದ ಉರಿಯೂತವನ್ನು ತನ್ನಲ್ಲಿಯೇ ಕಂಡನು. ಈ ಇಬ್ಬರಿಗೂ 2005ರಲ್ಲಿ ನೊಬೆಲ್ ಪಾರಿತೋಷಕ ಸಂದಿತು. ಹುಣ್ಣಿಗೆ ಎರಡನೆಯ ದೊಡ್ಡ ಕಾರಣ ನೋವಿನ ಮಾತ್ರೆಗಳು. ಜಠರದ ಒಳಗೋಡೆಯನ್ನು ಆಮ್ಲದಿಂದ ಕಾಯುವ ಲೋಳೆಯ ಪದರವನ್ನು ಈ ಎರಡೂ ಕೆಡಿಸುತ್ತವೆ. ಆದುದರಿಂದ ಆ ತಾಯಿಯ ಹುಣ್ಣಿಗೆ ಉಪವಾಸವನ್ನು ದೂಷಿಸುವುದು ನ್ಯಾಯವಲ್ಲ. ದೋಷವಿದ್ದುದು ವಿಚಾರಿಸದೆ ನುಂಗಿದ ಮಾತ್ರೆಯಲ್ಲಿ ಮತ್ತು ಬಚ್ಚಿಟ್ಟ ಮಾತಿನಲ್ಲಿ.

ರೋಗವನ್ನು ಸಹಿಸುವುದು ತಪಸ್ಸಲ್ಲವೇ ಎಂದು ಕೆಲವರು ಕೇಳಬಹುದು. 22 ಪರೀಷಹಗಳಲ್ಲಿ ಕ್ಷುಧೆಯೂ ಇದೆ, ರೋಗವೂ ಇದೆ ಎಂಬುದು ನಿಜ. ಆದರೆ ಪರೀಷಹಜಯವೆಂದರೆ ಬಂದ ವೇದನೆಗೆ ಮನಸ್ಸು ಕ್ಷೋಭೆಗೊಳ್ಳದಿರುವುದು. ಬಂದಿರುವುದು ಏನೆಂಬುದನ್ನು ತಿಳಿಯದಿರುವುದಲ್ಲ. ಹಸಿವೆಯನ್ನು ಹಸಿವೆಯೆಂದೂ ಹುಣ್ಣನ್ನು ಹುಣ್ಣೆಂದೂ ಅರಿತು ಸಮತೆಯಿಂದಿರುವವನು ಜ್ಞಾನಿ. ಹುಣ್ಣನ್ನು ಹಸಿವೆಯೆಂದು ಬಗೆದು ಸಹಿಸುವವನು ಭ್ರಾಂತಿಯನ್ನು ಸಹಿಸುತ್ತಿದ್ದಾನೆ. ಸಮ್ಯಗ್ಜ್ಞಾನವಿಲ್ಲದ ಚಾರಿತ್ರವು ಮೋಕ್ಷಮಾರ್ಗವಾಗದೆಂಬ ಮಾತು ಶರೀರದ ವಿಷಯದಲ್ಲಿಯೂ ಸಲ್ಲುತ್ತದೆ.

ಈ ಸಂದರ್ಭದಲ್ಲಿ ಸ್ವಾಮಿ ಸಮಂತಭದ್ರಾಚಾರ್ಯರ ಚರಿತೆಯನ್ನು ಸ್ಮರಿಸುವುದು ಉಚಿತ. ನಮ್ಮ ಪರಂಪರೆಯ ಮಹಾ ತಾರ್ಕಿಕರೂ ‘ರತ್ನಕರಂಡಕ ಶ್ರಾವಕಾಚಾರ’ದ ಕರ್ತೃಗಳೂ ಆದ ಅವರನ್ನು ಪೀಡಿಸಿದುದು ಉದರರೋಗವೇ ಎಂಬುದನ್ನು ನಾವು ಮರೆಯುತ್ತೇವೆ. ಎಷ್ಟು ಉಂಡರೂ ಕ್ಷಣದಲ್ಲಿ ಭಸ್ಮವಾಗಿ ಮತ್ತೆ ಹಸಿವೆ ಉರಿಯುವ ಭಸ್ಮಕ ವ್ಯಾಧಿ ಅವರನ್ನು ಹಿಡಿಯಿತು. ಶ್ರವಣಬೆಳಗೊಳದ ಚಂದ್ರಗಿರಿಯ ಮೇಲಿರುವ, 1129ರ ಮಲ್ಲಿಷೇಣ ಪ್ರಶಸ್ತಿಯೂ ಅವರು ಭಸ್ಮಕವನ್ನು ಗೆದ್ದುದನ್ನು ಸ್ಮರಿಸುತ್ತದೆ. ದಿನಕ್ಕೊಮ್ಮೆ ಪಾಣಿಪಾತ್ರದಲ್ಲಿ ನಿಂತು ಉಣ್ಣುವ ಮುನಿಗೆ ಆ ರೋಗವು ಎಂತಹ ಸಂಕಟವೆಂಬುದನ್ನು ಊಹಿಸಬಹುದು. ಮುನಿಚರ್ಯೆಯನ್ನು ಕೆಡಿಸಿಕೊಳ್ಳುವುದಕ್ಕಿಂತ ಸಲ್ಲೇಖನವೇ ಲೇಸೆಂದು ಅವರು ಗುರುಗಳಲ್ಲಿ ಅಪ್ಪಣೆ ಬೇಡಿದರು. ಗುರುಗಳು ಅಪ್ಪಣೆ ಕೊಡಲಿಲ್ಲ. ಆಯುಷ್ಯವು ಇನ್ನೂ ಇದೆ, ಶಾಸನಪ್ರಭಾವನೆ ಆಗಬೇಕಾಗಿದೆ, ರೋಗಕ್ಕೆ ಪರಿಹಾರವಿದೆ. ಆದುದರಿಂದ ಮುನಿವೇಷವನ್ನು ಕೆಲಕಾಲ ಬಿಟ್ಟು ರೋಗವನ್ನು ನೀಗಿಸಿಕೊಂಡು ಮತ್ತೆ ದೀಕ್ಷೆ ವಹಿಸಬೇಕೆಂದು ಆಜ್ಞಾಪಿಸಿದರು. ಮುಂದಿನ ವೃತ್ತಾಂತವನ್ನು ಕಥಾಕೋಶಗಳೂ ದೇವಚಂದ್ರನ ‘ರಾಜಾವಳೀ ಕಥೆ’ಯೂ ಹೇಳುತ್ತವೆ. ನಡೆದ ಸ್ಥಳವು ಒಂದರಲ್ಲಿ ವಾರಾಣಸಿ, ಇನ್ನೊಂದರಲ್ಲಿ ಕಂಚಿ. ಶಿವಾಲಯದ ಸಮೃದ್ಧ ನೈವೇದ್ಯವನ್ನು ಉಂಡು ರೋಗವು ಶಮನವಾದುದು, ಕೊನೆಗೆ ಸ್ವಯಂಭೂ ಸ್ತೋತ್ರವನ್ನು ನುಡಿಯುತ್ತಿರುವಾಗ ಚಂದ್ರಪ್ರಭ ಜಿನಬಿಂಬವು ಪ್ರಕಟವಾದುದು, ಇವು ಎಲ್ಲ ಮನೆಗಳಲ್ಲಿಯೂ ಕೇಳಿ ಬಂದ ಸಂಗತಿಗಳು. ಅತಿಯಾದ ಜಠರಾಗ್ನಿಗೆ ಗುರುವೂ ಸ್ನಿಗ್ಧವೂ ಮಧುರವೂ ಆದ ಆಹಾರವೇ ಚಿಕಿತ್ಸೆಯೆಂದು ಆಯುರ್ವೇದವು ಹೇಳುವುದನ್ನು ನೆನೆದರೆ, ಆ ನೈವೇದ್ಯವೇ ಅವರಿಗೆ ಔಷಧವಾಗಿತ್ತೆಂದು ತಿಳಿಯಬಹುದು.

ಈ ಕಥೆಯಲ್ಲಿ ಪವಾಡವನ್ನು ನಾವು ನೆನಪಿಟ್ಟೆವು; ಗುರುವಿನ ನಿರ್ಣಯವನ್ನು ಮರೆತೆವು. ಶಿಷ್ಯನು ತನ್ನ ರೋಗವನ್ನು ಬಚ್ಚಿಡಲಿಲ್ಲ, ಗುರುವಿನ ಮುಂದೆ ತೆರೆದಿಟ್ಟನು. ಗುರುವು ರೋಗಕ್ಕೆ ಪ್ರತೀಕಾರವಿದೆಯೇ ಇಲ್ಲವೇ ಎಂಬುದನ್ನು ಮೊದಲು ವಿಚಾರಿಸಿದನು. ಬಳಿಕ ವ್ರತದ ಮಾತು ಬಂದಿತು. ಮಹಾವ್ರತವನ್ನೇ ತಾತ್ಕಾಲಿಕವಾಗಿ ಇಳಿಸಿ, ರೋಗ ನೀಗಿದ ಮೇಲೆ ಮತ್ತೆ ಏರಿಸುವ ಮಾರ್ಗವು ನಮ್ಮ ಪರಂಪರೆಯಲ್ಲಿ ಮಾನ್ಯವಾಗಿರುವಾಗ, ಗೃಹಸ್ಥನ ಒಂದು ನೋಂಪಿಯ ಒಂದು ವರ್ಷದ ಉಪವಾಸಕ್ಕೆ ಮಾರ್ಗವಿಲ್ಲವೆಂದು ಹೇಳುವುದು ಹೇಗೆ?

ಅದೇ ಆಚಾರ್ಯರು ಸಲ್ಲೇಖನದ ಲಕ್ಷಣವನ್ನು ಹೇಳುವಾಗ ರೋಗಕ್ಕೆ ಒಂದು ವಿಶೇಷಣವನ್ನು ಸೇರಿಸಿರುವರು: ಅದು ನಿಷ್ಪ್ರತೀಕಾರವಾಗಿರಬೇಕು, ಅಂದರೆ ಪರಿಹಾರವಿಲ್ಲದುದಾಗಿರಬೇಕು. ಈ ಒಂದು ಪದದ ಭಾರವನ್ನು ತೂಗಿ ನೋಡಬೇಕು. ಪ್ರತೀಕಾರವಿಲ್ಲವೆಂದು ತಿಳಿಯುವುದು ಹೇಗೆ? ಪರೀಕ್ಷಿಸದೆ ತಿಳಿಯಲಾಗದು. ಒಂದು ಕಾಲದಲ್ಲಿ ನಾಡಿಯನ್ನು ಹಿಡಿದು, ನಾಲಗೆಯನ್ನು ನೋಡಿ, ಮಲಮೂತ್ರಗಳ ಬಣ್ಣವನ್ನು ವಿಚಾರಿಸಿ ವೈದ್ಯನು ಹೇಳುತ್ತಿದ್ದುದನ್ನು ಇಂದು ನಳಿಗೆಯೂ ಸ್ಕ್ಯಾನಿಂಗೂ ರಕ್ತಪರೀಕ್ಷೆಯೂ ಇನ್ನಷ್ಟು ಸ್ಪಷ್ಟವಾಗಿ ಹೇಳುತ್ತವೆ. ಅಂದು ನಿಷ್ಪ್ರತೀಕಾರವಾಗಿದ್ದ ಎಷ್ಟೋ ಉದರರೋಗಗಳು ಇಂದು ಸಪ್ರತೀಕಾರವಾಗಿವೆ. ಆದುದರಿಂದ ರೋಗನಿದಾನವು ವ್ರತಕ್ಕೆ ವಿರೋಧಿಯಲ್ಲ; ವ್ರತದ ನಿರ್ಣಯಕ್ಕೆ ಅದು ಪೂರ್ವಾಂಗವಾಗಿದೆ.

ತೀರ್ಥಂಕರ ನಾಮಕರ್ಮಕ್ಕೆ ಕಾರಣವಾದ ಷೋಡಶ ಭಾವನೆಗಳಲ್ಲಿ ತ್ಯಾಗ ಮತ್ತು ತಪಸ್ಸುಗಳಿಗೆ ಮಾತ್ರ ‘ಶಕ್ತಿತಃ’ ಎಂಬ ವಿಶೇಷಣವಿರುವುದನ್ನು ನಿತ್ಯ ಪಠಿಸುವವರು ಬಲ್ಲರು. ಶಕ್ತಿಯನ್ನು ಮೀರಬಾರದು ಎಂಬುದು ಅದರ ಒಂದು ಅರ್ಥ. ಶಕ್ತಿಯನ್ನು ಅಡಗಿಸಬಾರದು ಎಂಬುದು ಇನ್ನೊಂದು. ಎರಡಕ್ಕೂ ಶಕ್ತಿಯ ಅಳತೆ ಬೇಕು. ಅಳೆಯದೆ ಹಾಕಿದ ಹೊರೆಯನ್ನು ಎತ್ತು ಎಳೆಯಲಾರದೆ ಬಿದ್ದರೆ ಅದು ಅತಿಭಾರಾರೋಪಣವೆಂಬ ಅತಿಚಾರವಾಗುತ್ತದೆ. ತನ್ನ ಶರೀರದ ಮೇಲೆ ಹಾಗೆಯೇ ಹೊರೆ ಹೇರುವವನು ಅದೇ ನಿರ್ದಯತೆಯನ್ನು ಧರ್ಮವೆಂದು ಕರೆಯುವುದು ಹೇಗೆ ಸರಿ?

ಇನ್ನು ಪರೀಕ್ಷೆ ಮತ್ತು ಚಿಕಿತ್ಸೆಗಳಲ್ಲಿ ವ್ರತಧಾರಿಗಳಿಗೆ ಎದುರಾಗುವ ಕೆಲವು ಸಂದೇಹಗಳನ್ನು ವಿಚಾರಿಸೋಣ. ಎಂಡೋಸ್ಕೋಪಿಗೆ ಜಠರವು ಬರಿದಾಗಿರಬೇಕು. ಸಾಮಾನ್ಯವಾಗಿ 6ರಿಂದ 8 ಗಂಟೆಗಳ ಕಾಲ ಅನ್ನಾಹಾರ ಕೂಡದು. ಸೂರ್ಯಾಸ್ತದ ಮೊದಲೇ ಊಟ ಮುಗಿಸುವವರಿಗೆ ಮುಂಜಾನೆಯ ಪರೀಕ್ಷೆಯು ಯಾವ ತೊಡಕನ್ನೂ ತಾರದು. ಪಿತ್ತಕೋಶದ ಕಲ್ಲನ್ನು ನೋಡುವ ಸ್ಕ್ಯಾನಿಂಗಿಗೂ ಹಾಗೆಯೇ ಬರಿಹೊಟ್ಟೆ ಬೇಕು.

ಕಷ್ಟವಿರುವುದು ದೊಡ್ಡ ಕರುಳಿನ ಪರೀಕ್ಷೆಯಾದ ಕೊಲೊನೋಸ್ಕೋಪಿಯಲ್ಲಿ. ಮಲದಲ್ಲಿ ರಕ್ತ, ಕಾರಣ ತಿಳಿಯದ ರಕ್ತಹೀನತೆ, ವಯಸ್ಸಾದ ಮೇಲೆ ಹೊಸದಾಗಿ ಬಂದ ಮಲಬದ್ಧತೆ, ಇಂತಹ ಲಕ್ಷಣಗಳಿಗೆ ವೈದ್ಯರು ಇದನ್ನು ಸೂಚಿಸುತ್ತಾರೆ. ಕರುಳನ್ನು ತೊಳೆಯಲು ಸುಮಾರು 2 ಲೀಟರಿನಷ್ಟು ಭೇದಿಯ ದ್ರವವನ್ನು ಕುಡಿಯಬೇಕಾಗುತ್ತದೆ. ಅರ್ಧವನ್ನು ಹಿಂದಿನ ರಾತ್ರಿ, ಅರ್ಧವನ್ನು ಬೆಳಗಿನ ಜಾವ ಕುಡಿಯಬೇಕೆಂದು ಚೀಟಿಯಲ್ಲಿ ಬರೆದಿರುತ್ತದೆ. ಚೀಟಿಯನ್ನು ನೋಡಿದ ವ್ರತಿಕರು ಪರೀಕ್ಷೆಯನ್ನೇ ಕೈಬಿಡುವುದುಂಟು. ಇಂಥವರು ವೈದ್ಯರೊಡನೆ ಬಾಯಿಬಿಟ್ಟು ಮಾತನಾಡಿದರೆ ದಾರಿಯುಂಟು. ಪರೀಕ್ಷೆಯನ್ನು ಮಧ್ಯಾಹ್ನಕ್ಕೆ ಗೊತ್ತುಪಡಿಸಿದರೆ ದ್ರವವನ್ನೆಲ್ಲ ಅದೇ ದಿನ ಬೆಳಗ್ಗೆ ಕುಡಿಯುವ ಕ್ರಮವು ವೈದ್ಯಶಾಸ್ತ್ರದಲ್ಲಿ ಒಪ್ಪಿತವಾಗಿದೆ. ಅಥವಾ ಮೊದಲ ಭಾಗವನ್ನು ಸೂರ್ಯಾಸ್ತಕ್ಕೆ ಮೊದಲೂ ಎರಡನೆಯದನ್ನು ಸೂರ್ಯೋದಯದ ನಂತರವೂ ತೆಗೆದುಕೊಳ್ಳಬಹುದು. ಯಾವ ರೋಗಿಗೆ ಯಾವುದು ಸಲ್ಲುವುದೆಂಬುದನ್ನು ವೈದ್ಯನೇ ಹೇಳಬೇಕು. ಕೇಳುವ ಕೆಲಸ ನಮ್ಮದು. ಕರುಳಿನ ಗೋಡೆಯಲ್ಲಿ ಬೆಳೆದ ಸಣ್ಣ ಗಂಟನ್ನು ಅದೇ ಸಮಯದಲ್ಲಿ ತೆಗೆದುಹಾಕಿದರೆ, ಮುಂದೆ ಅದು ಅರ್ಬುದವಾಗುವುದನ್ನು ತಡೆಯಬಹುದು. ಇಷ್ಟು ಲಾಭವುಳ್ಳ ಪರೀಕ್ಷೆಯನ್ನು ಒಂದು ಪ್ರಶ್ನೆ ಕೇಳುವ ಸಂಕೋಚಕ್ಕಾಗಿ ಬಿಡುವುದು ವಿವೇಕವಲ್ಲ.

ಔಷಧದ ಶುದ್ಧಿಯು ಎರಡನೆಯ ಸಂದೇಹ. ಇದು ನಿರಾಧಾರವಲ್ಲ. ಕ್ಯಾಪ್ಸೂಲುಗಳ ಹೊರಕೋಶವನ್ನು ಬಹುಮಟ್ಟಿಗೆ ಪ್ರಾಣಿಗಳ ಚರ್ಮ ಮತ್ತು ಮೂಳೆಗಳಿಂದ ತೆಗೆದ ಜಿಲೆಟಿನ್ನಿನಿಂದ ಮಾಡುತ್ತಾರೆ. ಸಸ್ಯಮೂಲದ ಕೋಶವುಳ್ಳವೂ ದೊರೆಯುತ್ತವೆ. ಆಮ್ಲವನ್ನು ತಗ್ಗಿಸುವ ಔಷಧಗಳಲ್ಲಿ ಕ್ಯಾಪ್ಸೂಲಿನ ಬದಲು ಮಾತ್ರೆಯ ರೂಪದಲ್ಲಿ ಬರುವವು ಉಂಟು. ಮೇದೋಜೀರಕ ಗ್ರಂಥಿಯು ಕೆಟ್ಟವರಿಗೆ ಕೊಡುವ ಜೀರ್ಣಕಾರಕ ಔಷಧವನ್ನು ಸಾಮಾನ್ಯವಾಗಿ ಹಂದಿಯ ಗ್ರಂಥಿಯಿಂದ ತೆಗೆಯುತ್ತಾರೆಂಬುದನ್ನು ಅರಿತಿರಬೇಕು. ಅಂತಹ ಪ್ರಸಂಗದಲ್ಲಿ ವೈದ್ಯರನ್ನೂ ಗುರುಗಳನ್ನೂ ಕೇಳಿ ನಡೆಯಬೇಕು. ಔಷಧದ ಹೆಸರಿನಲ್ಲಿ ಮದ್ಯ, ಮಾಂಸ, ಮಧುಗಳನ್ನು ಸೇವಿಸಬಾರದೆಂಬ ಆಗ್ರಹವು ನಮ್ಮಲ್ಲಿ ಹೊಸತಲ್ಲ. 9ನೆಯ ಶತಮಾನದಲ್ಲಿ ಉಗ್ರಾದಿತ್ಯಾಚಾರ್ಯರು ‘ಕಲ್ಯಾಣಕಾರಕ’ವೆಂಬ ವೈದ್ಯಗ್ರಂಥವನ್ನೇ ಆ ನಿಯಮದ ಮೇಲೆ ರಚಿಸಿ, ಮಾಂಸವಿಲ್ಲದೆ ಚಿಕಿತ್ಸೆ ಸಾಧ್ಯವೆಂದು ರಾಷ್ಟ್ರಕೂಟ ನೃಪತುಂಗನ ಸಭೆಯಲ್ಲಿ ಪ್ರತಿಪಾದಿಸಿದರು. ಕನ್ನಡದಲ್ಲಿ ಜಗದ್ದಳ ಸೋಮನಾಥನು ‘ಕರ್ಣಾಟಕ ಕಲ್ಯಾಣಕಾರಕ’ವನ್ನು ಬರೆದು ಅದೇ ಮಾರ್ಗವನ್ನು ಹಿಡಿದನು. ಈ ಪೂರ್ವಜರು ವೈದ್ಯವನ್ನು ಬಿಡಲಿಲ್ಲ, ಶುದ್ಧವಾದ ವೈದ್ಯವನ್ನು ಹುಡುಕಿದರು ಎಂಬುದನ್ನು ಗಮನಿಸತಕ್ಕದ್ದು.

ಮೂರನೆಯ ಸಂದೇಹವು ಇನ್ನೂ ಸೂಕ್ಷ್ಮವಾದುದು. ಹುಣ್ಣಿಗೆ ಕಾರಣವಾದ ಸೂಕ್ಷ್ಮಜೀವಿಗಳನ್ನು ನಾಶಮಾಡಲು ಸಾಮಾನ್ಯವಾಗಿ 14 ದಿನಗಳ ಕಾಲ ಔಷಧ ಕೊಡುತ್ತಾರೆ. ಇದು ಹಿಂಸೆಯಲ್ಲವೇ? ಪ್ರಮಾದಯೋಗದಿಂದ ಆಗುವ ಪ್ರಾಣಘಾತವೇ ಹಿಂಸೆಯೆಂದು ತತ್ತ್ವಾರ್ಥಸೂತ್ರವು ಲಕ್ಷಣ ಹೇಳಿದೆ. ಗೃಹಸ್ಥನು ಸಂಕಲ್ಪೀ ತ್ರಸಹಿಂಸೆಯನ್ನು ಸರ್ವಥಾ ಬಿಡುತ್ತಾನೆ; ಜೀವನನಿರ್ವಾಹದಲ್ಲಿ ಅನಿವಾರ್ಯವಾಗುವುದನ್ನು ಕುಗ್ಗಿಸುತ್ತ ನಡೆಯುತ್ತಾನೆ. ನೀರನ್ನು ಕಾಯಿಸಿ ಪ್ರಾಸುಕ ಮಾಡುವಾಗಲೂ ಅವನು ಈ ವಿವೇಕದಿಂದಲೇ ನಡೆಯುತ್ತಾನೆ. ಹಾಗಿದ್ದರೂ ಈ ಸಂದೇಹವು ಮನಸ್ಸಿನಲ್ಲಿ ಉಳಿಯುವುದು ಒಳ್ಳೆಯದೇ. ಅದು ಉಳಿದರೆ ಅನವಶ್ಯಕವಾಗಿ ಔಷಧ ನುಂಗುವ ಚಪಲ ಕಡಿಮೆಯಾಗುತ್ತದೆ. ಪರೀಕ್ಷೆಯಿಂದ ಸೂಕ್ಷ್ಮಜೀವಿ ಇದೆಯೆಂದು ತಿಳಿದ ಮೇಲೆಯೇ ಔಷಧ ತೆಗೆದುಕೊಳ್ಳುವುದು, ಹೇಳಿದ ದಿನಗಳನ್ನು ಪೂರ್ಣಗೊಳಿಸುವುದು, ಇವು ವೈದ್ಯಶಾಸ್ತ್ರಕ್ಕೂ ಅಹಿಂಸೆಗೂ ಸಮ್ಮತವಾದ ನಡತೆಗಳು. ಅರ್ಧಕ್ಕೆ ಬಿಟ್ಟರೆ ರೋಗ ಮರುಕಳಿಸಿ, ಮತ್ತೆ ಹೆಚ್ಚು ಔಷಧ ಬೇಕಾಗಬಹುದು.

ಇಷ್ಟು ಹೇಳಿದುದರಿಂದ, ರೋಗವಿದ್ದವರೆಲ್ಲರೂ ವ್ರತವನ್ನು ಬಿಡಬಹುದೆಂದು ತಿಳಿಯಬಾರದು. ಇನ್ನೊಂದು ಬಗೆಯ ದೋಷವೂ ನಮ್ಮ ಮನೆಗಳಲ್ಲಿ ಬೆಳೆಯುತ್ತಿದೆ. ಮದುವೆಯ ಊಟ, ಅಂಗಡಿಯ ಕರಿದ ತಿಂಡಿ, ರಾತ್ರಿ 10 ಗಂಟೆಯ ಭೋಜನ, ಇವುಗಳಿಂದ ಎದೆಯುರಿ ಬಂದರೆ ಒಂದು ಮಾತ್ರೆ. ಮಾತ್ರೆಯಿದೆಯೆಂಬ ಧೈರ್ಯದಿಂದ ಮತ್ತೆ ಅದೇ ಊಟ. ಇಲ್ಲಿ ಔಷಧವು ರೋಗವನ್ನು ಕಾಯದೆ ಜಿಹ್ವಾಲೋಲುಪತೆಯನ್ನು ಕಾಯುತ್ತದೆ. ಅನ್ನನಾಳಕ್ಕೆ ಆಮ್ಲವು ಹಿಮ್ಮರಳುವ ರೋಗವುಳ್ಳವರಿಗೆ, ಮಲಗುವ 2–3 ಗಂಟೆಗಳ ಮೊದಲೇ ಊಟ ಮುಗಿಸಿರಿ, ಒಮ್ಮೆಗೇ ಹೊಟ್ಟೆ ತುಂಬ ಉಣ್ಣಬೇಡಿರಿ ಎಂದು ವೈದ್ಯರು ಹೇಳುತ್ತಾರೆ. ಮೊದಲನೆಯದು ನಮ್ಮ ರಾತ್ರಿಭೋಜನ ತ್ಯಾಗದಲ್ಲಿ ತಾನಾಗಿಯೇ ಬರುತ್ತದೆ. ಎರಡನೆಯದು ಅವಮೌದರ್ಯವೆಂಬ ಬಾಹ್ಯತಪಸ್ಸು. ಆರೋಗ್ಯಕ್ಕಾಗಿ ವ್ರತಗಳನ್ನು ವಿಧಿಸಿದರೆಂದು ಹೇಳಲಾಗದು. ಅವುಗಳ ಗುರಿ ಕರ್ಮನಿರ್ಜರೆ. ಆದರೆ ಆರೋಗ್ಯದ ನೆಪದಿಂದ ವ್ರತವನ್ನು ಬಿಡುವವರು, ತಮ್ಮ ರೋಗಕ್ಕೆ ಬೇಕಾದುದು ವ್ರತದಲ್ಲಿಯೇ ಇದ್ದಿರಬಹುದೆಂಬುದನ್ನು ಒಮ್ಮೆ ವಿಚಾರಿಸಬೇಕು.

ಅಂತೆಯೇ ದೀರ್ಘ ಉಪವಾಸಗಳನ್ನು ಹಿಡಿಯುವವರು ತಿಳಿದಿರಬೇಕಾದ ಸಂಗತಿಗಳೂ ಇವೆ. ಬಹುದಿನ ಆಹಾರವಿಲ್ಲದಿದ್ದಾಗ ಪಿತ್ತಕೋಶವು ಸಂಕುಚಿಸದೆ ಪಿತ್ತವು ಅಲ್ಲಿಯೇ ನಿಂತು, ಕಲ್ಲು ಕಟ್ಟುವ ಸಂಭವ ಹೆಚ್ಚುತ್ತದೆ. ನೀರು ಕಡಿಮೆಯಾಗಿ, ಪರ್ವದಲ್ಲಿ ಹಸಿರು ತರಕಾರಿಗಳನ್ನೂ ಬಿಟ್ಟಾಗ ಮಲಬದ್ಧತೆಯುಂಟಾಗಿ ಹಳೆಯ ಮೂಲವ್ಯಾಧಿ ಕೆರಳುತ್ತದೆ. ಉಪವಾಸದ ತಲೆನೋವಿಗೆ ಬರಿಹೊಟ್ಟೆಯಲ್ಲಿ ನೋವಿನ ಮಾತ್ರೆ ನುಂಗುವುದು ಅಪಾಯಕರ. ಕಪ್ಪು ಮಲ, ರಕ್ತವಾಂತಿ, ನುಂಗುವಾಗ ತಡೆ, ಕಾರಣವಿಲ್ಲದೆ ತೂಕ ಇಳಿಯುವಿಕೆ, ನಿಲ್ಲದ ವಾಂತಿ, ಕಣ್ಣು ಹಳದಿಯಾಗುವುದು, ಇವುಗಳಲ್ಲಿ ಯಾವುದೊಂದು ಕಂಡರೂ ಪರ್ವ ಮುಗಿಯಲೆಂದು ಕಾಯಕೂಡದು. ಕಬ್ಬಿಣಾಂಶದ ಮಾತ್ರೆಯಿಂದಲೂ ಮಲವು ಕಪ್ಪಾಗುವುದುಂಟು; ಆದರೆ ಅದನ್ನು ನಿರ್ಣಯಿಸತಕ್ಕವನು ವೈದ್ಯನು.

ಉಪವಾಸ ಸಾಧ್ಯವಿಲ್ಲವೆಂದು ತಿಳಿದವರಿಗೆ ತಪಸ್ಸಿನ ಬಾಗಿಲು ಮುಚ್ಚುವುದೂ ಇಲ್ಲ. 12 ಬಗೆಯ ತಪಸ್ಸುಗಳಲ್ಲಿ ಅನಶನವು ಒಂದು ಮಾತ್ರ. ಉಪ್ಪನ್ನೋ ತುಪ್ಪವನ್ನೋ ಸಿಹಿಯನ್ನೋ ಬಿಡುವ ರಸಪರಿತ್ಯಾಗವುಂಟು. ಸ್ವಾಧ್ಯಾಯವುಂಟು, ವಿನಯವುಂಟು. ರೋಗಿಗಳ ಸೇವೆಯಾದ ವೈಯಾವೃತ್ತ್ಯವುಂಟು. ಆಹಾರ, ಔಷಧ, ಶಾಸ್ತ್ರ, ಅಭಯವೆಂಬ ಚತುರ್ವಿಧ ದಾನಗಳಲ್ಲಿ ಔಷಧಕ್ಕೆ ಸ್ಥಾನ ಕೊಟ್ಟ ಧರ್ಮವು ಔಷಧವನ್ನು ಸ್ವೀಕರಿಸುವವನನ್ನು ಹೀನನೆಂದು ಎಣಿಸಲಾರದು.

ಹಾಗಾದರೆ ಆ ತಾಯಿ ಏಕೆ ಹೇಳಲಿಲ್ಲ? ಹೇಳಿದರೆ ಉಪವಾಸ ಬಿಡಿಸುವರೆಂಬ ಭಯ ಒಂದು. 11 ವರ್ಷ ನಡೆದುದು ಕೆಡುವುದೆಂಬ ಚಿಂತೆ ಇನ್ನೊಂದು. ಇವುಗಳ ಕೆಳಗೆ, ಬಸದಿಯಲ್ಲಿ ನಾಲ್ಕು ಜನರು ತಮ್ಮ ಉಪವಾಸವನ್ನು ಹೊಗಳುವುದು ನಿಂತುಹೋಗುವುದೆಂಬ ಸಂಕೋಚವೂ ಇತ್ತೆಂದು ಅವರೇ ಮುಂದೆ ಒಪ್ಪಿಕೊಂಡರು. ಮಾನಕಷಾಯವು ಎಷ್ಟು ಸೂಕ್ಷ್ಮವಾದುದೆಂದರೆ ಅದು ತ್ಯಾಗದ ವೇಷವನ್ನೇ ಧರಿಸಿ ಬರಬಲ್ಲುದು. ನಿದ್ರೆ ಸಾಲದೆಂದು ಸೊಸೆಗೆ ಹೇಳಿದ ಒಂದು ಮಾತಿನಲ್ಲಿ ಸತ್ಯಾಣುವ್ರತಕ್ಕೂ ಧಕ್ಕೆ ಬಂದಿತು. ಉಪವಾಸವನ್ನು ಉಳಿಸಲು ಹೋಗಿ ಅದಕ್ಕಿಂತ ಹಿರಿದಾದುದನ್ನು ಕಳೆದುಕೊಂಡಂತಾಯಿತು.

ಪ್ರಾಯಶ್ಚಿತ್ತದ 9 ಭೇದಗಳಲ್ಲಿ ಮೊದಲನೆಯದು ಆಲೋಚನೆ, ಅಂದರೆ ಗುರುವಿನ ಮುಂದೆ ತನ್ನ ದೋಷವನ್ನು ಏನನ್ನೂ ಬಚ್ಚಿಡದೆ ನಿವೇದಿಸುವುದು. ಕಿರಿದನ್ನು ಹೇಳಿ ಹಿರಿದನ್ನು ಮರೆಮಾಡುವುದು, ಅಸ್ಪಷ್ಟವಾಗಿ ನುಡಿಯುವುದು, ಇವೆಲ್ಲ ಆಲೋಚನೆಯ ದೋಷಗಳೆಂದು ಶಾಸ್ತ್ರವು ಎಣಿಸಿದೆ. ವೈದ್ಯನ ಮುಂದೆ ಕುಳಿತ ರೋಗಿಗೂ ಇದೇ ನಿಯಮ ಸಲ್ಲುತ್ತದೆ. ಎಷ್ಟು ದಿನದಿಂದ ಉಪವಾಸ, ಯಾವ ಮಾತ್ರೆ, ಮಲದ ಬಣ್ಣವೇನು, ಯಾವ ವ್ರತ ಬಿಡಲಾಗದು, ಯಾವುದನ್ನು ಸಡಿಲಿಸಬಹುದು ಎಂಬುದನ್ನೆಲ್ಲ ನಾಚಿಕೆಯಿಲ್ಲದೆ ಹೇಳಬೇಕು. ಹೀಗೆ ಹೇಳಿದ ರೋಗಿಗೆ ವೈದ್ಯನು ಸೂರ್ಯೋದಯದ ನಂತರಕ್ಕೂ ಸೂರ್ಯಾಸ್ತದ ಮೊದಲಿಗೂ ಔಷಧದ ಹೊತ್ತನ್ನು ಹೊಂದಿಸಿ ಕೊಡುವುದು ಅನೇಕ ವೇಳೆ ಸಾಧ್ಯ.

ಆ ವರ್ಷದ ಕ್ಷಮಾವಣಿಯ ದಿನ ಆ ಶ್ರಾವಿಕೆ ಆಸ್ಪತ್ರೆಯ ಮಂಚದ ಮೇಲಿದ್ದರು. ಮನೆಯ ಹಿರಿಯರಾದುದರಿಂದ ಎಲ್ಲರೂ ಅವರಲ್ಲಿ ಬಂದು ಕ್ಷಮೆ ಬೇಡುವುದು ವಾಡಿಕೆ. ಅಂದು ಅವರೇ ಸೊಸೆಯ ಕೈಹಿಡಿದು, ತಾನು ಸುಳ್ಳು ಹೇಳಿದುದಕ್ಕೆ ಕ್ಷಮೆ ಬೇಡಿದರು. ಚೇತರಿಸಿಕೊಂಡ ಬಳಿಕ ಸಮೀಪದಲ್ಲಿ ಚಾತುರ್ಮಾಸ ಕೈಗೊಂಡಿದ್ದ ಮುನಿಗಳ ದರ್ಶನಕ್ಕೆ ಹೋಗಿ, ನಡೆದುದೆಲ್ಲವನ್ನೂ ನಿವೇದಿಸಿ ಪ್ರಾಯಶ್ಚಿತ್ತವನ್ನು ಕೇಳಿದರು. ಆಸ್ಪತ್ರೆಯಲ್ಲಿ ರಾತ್ರಿ ಏರಿದ ರಕ್ತಕ್ಕೂ ಔಷಧಕ್ಕೂ ಪ್ರಾಯಶ್ಚಿತ್ತವಾಗುವುದೆಂದು ಅವರು ಎಣಿಸಿದ್ದರು. ಮುನಿಗಳು ಅದರ ಮಾತನ್ನು ಎತ್ತಲಿಲ್ಲ. ಬಚ್ಚಿಟ್ಟುದಕ್ಕಾಗಿ ಕೆಲವು ದಿನಗಳ ಜಪವನ್ನು ವಿಧಿಸಿದರು. ಮುಂದಿನ ವರ್ಷ ಭಾದ್ರಪದಕ್ಕೆ ಮೊದಲು ವೈದ್ಯರನ್ನು ಕಂಡು, ಹುಣ್ಣು ಮಾಗಿರುವುದನ್ನೂ ಸೂಕ್ಷ್ಮಜೀವಿ ಇಲ್ಲದಿರುವುದನ್ನೂ ತಿಳಿದುಕೊಂಡು, ಗುರುಗಳ ಅಪ್ಪಣೆಯಂತೆ ಅಷ್ಟಮಿಗೆ ಏಕಾಶನವನ್ನೂ ಚತುರ್ದಶಿಗೆ ಉಪವಾಸವನ್ನೂ ಮಾಡಿದರು. ಸೊಸೆಯು ಪ್ರತಿದಿನ ವಿಚಾರಿಸುತ್ತಿದ್ದಳು. ಪ್ರತಿದಿನವೂ ಅವರು ಇದ್ದುದನ್ನು ಇದ್ದಂತೆ ಹೇಳುತ್ತಿದ್ದರು. ನೋಂಪಿಯ 12ನೆಯ ವರ್ಷವು ಹೀಗೆ ನೆರವೇರಿತು.